ಅಮ್ಮ ಬೇಡವೆಂದರೆ ಅಪ್ಪ ಕೊಡುತ್ತಾರೆ

(ಸಮಸ್ಯೆ: ಐದು ವರ್ಷದ ಮಗ ಊಟಕ್ಕೆ ಕುಳಿತರೆ ಮೊಬೈಲ್ ಬೇಕೆಂದು ಹಟ ಹಿಡಿಯುತ್ತಾನೆ. ನಾನು ಬೇಡವೆಂದರೂ ಪತಿ ಕೊಟ್ಟುಬಿಡುತ್ತಾರೆ. ದಣಿದ ದಿನ ನಾನೂ ಕೊಡುತ್ತೇನೆ. ಏನು ಮಾಡಲಿ?)

ತಂಗಿ, ‘ದಣಿದ ದಿನ ನಾನೂ ಕೊಡುತ್ತೇನೆ’ ಎಂದಿದ್ದೀರಲ್ಲ, ತೊಡಕಿನ ಬೇರು ಅಲ್ಲಿದೆ. ದಿನವೂ ಕೊಟ್ಟು ಒಮ್ಮೆಲೇ ನಿಲ್ಲಿಸಿದ್ದರೆ ಬಹುಶಃ ಬೇಗ ಮರೆಯುತ್ತಿದ್ದ. ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದರಿಂದಲೇ ಹಟ ಬಲಿತಿದೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದೂ ಇದನ್ನೇ. ಕುಕ್ಕಿದಾಗಲೆಲ್ಲ ಕಾಳು ಪಡೆಯುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತಿತ್ತು. ಯಾವಾಗಲೋ ಒಮ್ಮೆ ಪಡೆಯುತ್ತಿದ್ದ ಹಕ್ಕಿ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತಿತ್ತು. ಮಗುವನ್ನು ಪಾರಿವಾಳದ ಸಾಲಿಗೆ ಸೇರಿಸಿದೆನೆಂದು ಬೇಸರ ಬೇಡ, ದೊಡ್ಡವರು ಲಾಟರಿ ಟಿಕೆಟ್ ಕೊಳ್ಳುವುದೂ ಇದೇ ಆಸೆಯಿಂದ.

ನೀವು ಗಟ್ಟಿಯಾಗಿ ನಿಂತರೆ ಮೊದಮೊದಲು ಅಳು ಇನ್ನೂ ಜೋರಾಗುತ್ತದೆ. ಹೆಚ್ಚಿನವರು ಸೋಲುವುದು ಅಲ್ಲೇ. ಆಗ ಕೊಟ್ಟರೆ, ಎಷ್ಟು ಜೋರಾಗಿ ಅತ್ತರೆ ಮೊಬೈಲ್ ಸಿಗುತ್ತದೆಂಬ ಲೆಕ್ಕವನ್ನು ನೀವೇ ಕಲಿಸಿದಂತಾಯಿತು. ಕೊನೆಗೆ ಕೊಡುವುದೇ ಆದರೆ ಮೊದಲೇ ಕೊಟ್ಟುಬಿಡಿ! ಇಲ್ಲವೆಂದರೆ ಇಲ್ಲ. ಅಳುವಾಗ ಪಕ್ಕದಲ್ಲಿ ಕುಳಿತಿರಿ, ಉಪದೇಶ ಮಾತ್ರ ಬೇಡ.
– ನಿವೃತ್ತ ಶಿಕ್ಷಕಿ

ನಿಮ್ಮ ಪತಿಯ ಪರವಾಗಿ ಒಂದು ಮಾತು. ದಿನವಿಡೀ ಹೊರಗಿದ್ದು ಬಂದವರಿಗೆ ಮಗುವಿನ ಜೊತೆ ಸಿಗುವ ಸ್ವಲ್ಪ ಹೊತ್ತನ್ನು ಅಳುವಿನಲ್ಲಿ ಕಳೆಯಲು ಮನಸ್ಸಾಗುವುದಿಲ್ಲ. ಮಗನ ಎದುರು ಅವರನ್ನು ಆಕ್ಷೇಪಿಸಬೇಡಿ. ಅವನು ಮಲಗಿದ ಮೇಲೆ ಇಬ್ಬರೂ ಕುಳಿತು ಒಂದೆರಡು ನಿಯಮ ಒಪ್ಪಿಕೊಳ್ಳಿ. ಹತ್ತು ಮಾಡಿದರೆ ನಿಮಗೇ ನೆನಪಿರುವುದಿಲ್ಲ. ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಆ ಕ್ಷಣದಲ್ಲಿ ಬದಲಿಸಬಾರದು, ತಕರಾರಿದ್ದರೆ ಆಮೇಲೆ. ಊಟದ ಹೊತ್ತಿಗೆ ಮೊಬೈಲ್ ಇಲ್ಲವೆಂದರೆ ಅಪ್ಪನಿಗೂ ಇಲ್ಲ. ಈ ಸಾಲನ್ನು ಅವರಿಗೆ ಓದಿ ಹೇಳಿ.
– ಇಬ್ಬರು ಮಕ್ಕಳ ತಂದೆ

ಎಲ್ಲರೂ ಬಿಗಿ ಎನ್ನುವಾಗ ನನ್ನದು ಸ್ವಲ್ಪ ಬೇರೆ ರಾಗ. ಜ್ವರ ಬಂದ ದಿನ, ದೂರ ಪ್ರಯಾಣದ ದಿನ ಸಡಿಲಿಸಿ ಮಗಳೇ. ಆದರೆ ಅಳು ಶುರುವಾಗುವ ಮುನ್ನವೇ ‘ಇವತ್ತೊಂದು ದಿನ’ ಎಂದು ನೀವಾಗಿಯೇ ಕೊಡಿ. ಅಜ್ಜಿಯ ಮನೆಯ ನಿಯಮ ಬೇರೆಯಿದ್ದರೂ ಚಿಂತೆಯಿಲ್ಲ, ಎಲ್ಲಿ ಏನು ನಡೆಯುತ್ತದೆಂದು ಮಕ್ಕಳು ಬೇಗ ಅರಿಯುತ್ತಾರೆ. ಅದೇ ಮನೆಯಲ್ಲಿ, ಅದೇ ಅಮ್ಮ ದಿನಕ್ಕೊಂದು ಹೇಳಿದರೆ ಗೊಂದಲ. ಅಂದ ಹಾಗೆ, ಊಟದ ಹೊತ್ತಿಗೆ ಮೊಬೈಲನ್ನು ಕಣ್ಣಿಗೆ ಬೀಳದ ಕಡೆ ಇಟ್ಟು ನೋಡಿದ್ದೀರಾ?
– ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ