ಅಪ್‌ಡೇಟ್: ಆಸ್ಟರ್ ಸಸಿಗಳು ಬುಡ ಕೊಳೆತು ಬೀಳುವುದು ನಿಂತಿದೆ

ಮೊಳೆತ ಆಸ್ಟರ್ ಹೂಗಿಡದ ಸಸಿಗಳು ಎರಡೆಲೆ ಬಿಡುವಷ್ಟರಲ್ಲಿ ಬುಡ ಮೆತ್ತಗಾಗಿ ಮಗುಚುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೆ. ಇದು ಪಿಥಿಯಂನಂಥ ರೋಗಾಣುಗಳಿಂದ ಬರುವ ಸಸಿ ಕೊಳೆ ರೋಗ. ಬಿದ್ದ ಸಸಿ ಏಳುವುದಿಲ್ಲ, ಅದಕ್ಕೆ ಔಷಧಿ ಸುರಿಯುವುದು ದಂಡ.

ಹೊಸ ಬಿತ್ತನೆಗೆ ತೋಟದ ಮಣ್ಣು ಕೈಬಿಟ್ಟು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರು ಪಾಲು, ಎರೆಗೊಬ್ಬರ ಒಂದು ಪಾಲು, ಜೊತೆಗೆ ಮಿಶ್ರಣದ ಕೆ.ಜಿ.ಗೆ 10 ಗ್ರಾಂ ಟ್ರೈಕೋಡರ್ಮಾ (ರೋಗಾಣುಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬಳಸಿದೆ. ಸಸಿ ಟ್ರೇಯ ಕುಳಿಗೆ ಎರಡೇ ಬೀಜ, ಅರ್ಧ ಸೆಂ.ಮೀ. ಆಳ. ನೀರು ಮೇಲಿಂದ ಬೇಡ: ಟ್ರೇಯನ್ನು ನೀರಿನ ತಟ್ಟೆಯಲ್ಲಿ 10 ನಿಮಿಷ ಇಟ್ಟು ಬಸಿಯಬೇಕು, ಮೇಲ್ಪದರ ಒಣಗಿದ ಮೇಲಷ್ಟೇ ಮತ್ತೆ. ಮುಚ್ಚಿದ ಪ್ಲಾಸ್ಟಿಕ್ಕನ್ನು ಮೊಳಕೆ ಕಂಡ ದಿನವೇ ತೆಗೆಯಬೇಕು. ಗಾಳಿಯಾಡದ ತೇವವೇ ರೋಗಕ್ಕೆ ಹಬ್ಬ. (ಆಸ್ಟರ್ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಳೆಯ ಪ್ಯಾಕೆಟ್ ನಂಬಬೇಡಿ.)

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ ತಳಿಯ ಸಸಿಗಳಲ್ಲಿ ಈಗ ನಾಲ್ಕೈದು ಎಲೆಗಳಿವೆ. ಸಂಜೆ ಹೊತ್ತು 30 ಸೆಂ.ಮೀ. ಅಂತರದಲ್ಲಿ ನಾಟಿ.