ಅಪ್‌ಡೇಟ್: ಶಿರಸಿಯ ಮಳೆಗಾಲದಲ್ಲಿ ಸಸಿಗಳಿಗೆ ದೀಪ

ಮಳೆಗೆ ಹೆದರಿ ಒಳಗಿಟ್ಟ ಬದನೆ, ಹಸಿಮೆಣಸಿನ ಸಸಿಗಳು ಬೆಳಕಿಲ್ಲದೆ ಸಣಕಲಾಗಿ ಉದ್ದವಾಗುತ್ತಿವೆ, ಕಡಿಮೆ ವಿದ್ಯುತ್ತಿನ ದೀಪ ಯಾವುದು ಎಂದು ಮೂರು ವಾರಗಳ ಹಿಂದೆ ಶಿರಸಿಯಿಂದ ಕೇಳಿದ್ದೆ. ಗಿಡಗಳಿಗೆಂದೇ ಮಾರುವ ನೇರಳೆ ಬೆಳಕಿನ ದೀಪದ ಸಲಹೆ ಒಗ್ಗಲಿಲ್ಲ; ಆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ಕಾಣುತ್ತಿರಲಿಲ್ಲ. 20 ವ್ಯಾಟಿನ ಎರಡು ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್‌ಗಳನ್ನು ಸಸಿಯ ತುದಿಯಿಂದ ಒಂದು ಗೇಣು ಮೇಲೆ ಕಟ್ಟಿ, ಟೈಮರ್ ಇಟ್ಟು ದಿನಕ್ಕೆ 14 ಗಂಟೆ ಉರಿಸಿರೆಂದು ಹಿರಿಯರೊಬ್ಬರು ಹೇಳಿದ್ದೇ ಫಲಿಸಿತು. ಅವರಿಗೆ ನಾನು ಋಣಿ. ಹೊಸ ಎಲೆಗಳು ಒತ್ತಾಗಿ ಬಂದಿವೆ, ಕಾಂಡ ಗಟ್ಟಿಯಾಗಿದೆ, ಖರ್ಚಾಗುವುದು ದಿನಕ್ಕೆ 0.56 ಯೂನಿಟ್. ದೀಪದ ಪೆಟ್ಟಿಗೆಯ ಮೇಲೆ ಬೆಳಕೆಷ್ಟೆಂದು ಹೇಳುವ ಲ್ಯೂಮೆನ್ ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆಯೆಂದು ತಿಳಿದು ಅಚ್ಚರಿಯಾಯಿತು. ಗಿಡಕ್ಕಾಗಿ ಕೊಳ್ಳುವವರು ಒಂದು ಜೌಲ್ (ಶಕ್ತಿಯ ಅಳತೆ) ವಿದ್ಯುತ್ತಿಗೆ ಗಿಡ ಬಳಸಬಲ್ಲ ಎಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳ ಎಣಿಕೆ) ಬೆಳಕು ಸಿಗುತ್ತದೆ ಎಂಬುದನ್ನು ನೋಡಬೇಕು.