ಎರಡು ಚೀಲ ನಿಂಬೆಹಣ್ಣು

ಭಾನುವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತಿದು. ಸಣ್ಣತ್ತೆಯನ್ನು ಕೇಳಿ, ಅವರು ಹಾಕು ಅಂದ ಮೇಲೆ ಹಾಕುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ.

ಸಣ್ಣತ್ತೆ, ದುರ್ಗ: (ಹಲವು ಬಾರಿ ಫಾರ್ವರ್ಡ್ ಆಗಿದೆ) ನಿಂಬೆ, ಕಿತ್ತಳೆ ಎಣ್ಣೆಯ ಗುಟ್ಟು! ನೆಲ ಒರೆಸುವ ನೀರಿಗೆ ನಾಲ್ಕು ಹನಿ. ದಿಂಬಿಗೆ ಒಂದು ಹನಿ. ಮುಖದ ಕಲೆಗೆ ನಿಂಬೆ ಎಣ್ಣೆ ಹಾಗೇ ಹಚ್ಚಿ ಅರ್ಧ ಗಂಟೆ ಬಿಸಿಲಿನಲ್ಲಿ ಕೂರಿ, ಕಲೆ ಮಾಯ! ಎಲ್ಲರಿಗೂ ತಿಳಿಸಿ.

ಸಣ್ಣತ್ತೆ: ನಮ್ಮ ಪಲ್ಲವಿಗೆ ಕೆನ್ನೆ ಮ್ಯಾಲೆ ಬಂಗು ಆಗೇತಲ್ಲ, ಬಾಟ್ಲಿ ತರ್ಸೀನಿ. ನಾಳೆಯಿಂದ ಶುರು.

ದೊಡ್ಡಪ್ಪ: ನಮ್ಮವ್ವ ಕಡ್ಲೆಹಿಟ್ಟು, ಶೀಗೆಪುಡಿ ಬಿಟ್ಟು ಬೇರೆ ಮುಟ್ಟಲಿಲ್ಲ. ಈಗ ಎಲ್ಲದಕ್ಕೂ ಬಾಟ್ಲಿ. ಮಕ್ಕಳಿಗೆ ಬೆಳಿಗ್ಗೆ ಬೇಗ ಏಳೋದು ಕಲಿಸ್ರಿ, ಮುಖಕ್ಕೆ ಕಳೆ ತಾನೇ ಬರ್ತದೆ.

ಪ್ರದೀಪ: ಇದನ್ನ ಬರೆದೋರು ಯಾರು ಅತ್ತೆ? ಆಧಾರ? ಈರುಳ್ಳಿ ಕಾಲುಚೀಲದಾಗೆ ಇಟ್ಕಂಡು ಮಲಗ್ರಿ ಅಂತ ಕಳಿಸಿದ್ದೂ ನೀವೇ.

ಸಣ್ಣತ್ತೆ: ಅದ್ರಿಂದಾನೇ ನಿನ್ನ ಶೀತ ಹೋಗಿದ್ದು.

ಪ್ರದೀಪ: ನಾನು ಇಟ್ಕಂಡೇ ಇರ್ಲಿಲ್ಲ.

ಮಂಜಣ್ಣ: ಕರೆಂಟ್ ಹೋದಾಗ ಅಜ್ಜನ ಮನೇಲಿ ಬುಡ್ಡಿದೀಪಕ್ಕೆ ಕಿತ್ತಳೆ ಸಿಪ್ಪೆ ಹಿಂಡ್ತಿದ್ವಲ್ಲ, ಚಿಟಪಟ ಅಂತ ಕಿಡಿ! ಅಜ್ಜ ಬೈದು, ಆಮೇಲೆ ತಾವೇ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕಂಡು ಬರ್ತಿದ್ರು. ಬೆಂಗಳೂರಾಗೆ ಆ ರುಚಿ ಎಲ್ಲಿ ಬರ್ಬೇಕು.

ನಾನು: ಅಣ್ಣ, ಆ ಕಿಡಿ ಹಾರಿಸ್ತಿದ್ದುದೇ ಈ ಎಣ್ಣೆ. ಕಿತ್ತಳೆ ಎಣ್ಣೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಲಿಮೊನೀನ್, ಬೇಗ ಹೊತ್ತಿಕೊಳ್ತದೆ. ಅತ್ತೆ, ಬಾಟ್ಲಿ ಒಲೆ ಹತ್ರ ಇಡಬೇಡಿ. ನೆಲ ಒರೆಸೋಕೆ ಹಾಕಿ, ಅಡ್ಡಿಯಿಲ್ಲ. ಬರೀ ನೀರಿಗೆ ಹಾಕಿದ್ರೆ ಮೇಲೇ ತೇಲ್ತದೆ, ಮೊದ್ಲು ಸೋಪಿನ ನೀರಿಗೆ ಕಲಸಿ. ಬೆಕ್ಕು ಒಳಗೆ ಓಡಾಡೋದಾದ್ರೆ ಅದೂ ಬೇಡ, ಬೆಕ್ಕಿಗೆ ವಿಷ. ಆದ್ರೆ ಪಲ್ಲವಿ ಮುಖಕ್ಕೆ ಮಾತ್ರ ಖಂಡಿತ ಹಚ್ಚಬೇಡಿ.

ಪ್ರದೀಪ: ನಿನ್ನ ಆಧಾರ ಏನು?

ನಾನು: ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆಯಲ್ಲಿ ಫ್ಯುರಾನೊಕೂಮರಿನ್ ಅಂತ ರಾಸಾಯನಿಕಗಳು ಇರ್ತಾವೆ. ಚರ್ಮದ ಮೇಲೆ ಅವು ಇದ್ದಾಗ ಬಿಸಿಲು ಬಿದ್ರೆ ಸುಟ್ಟಂಗೆ ಆಗ್ತದೆ. ಸುಗಂಧ ತಯಾರಕರ ಅಂತರರಾಷ್ಟ್ರೀಯ ಸಂಘ ಇಫ್ರಾ, ಹಚ್ಚಿ ಹಾಗೇ ಬಿಡೋ ಕ್ರೀಮಿನಲ್ಲಿ ಈ ಎಣ್ಣೆ ನೂರಕ್ಕೆ 0.7 ದಾಟಬಾರದು ಅಂತ ಮಿತಿ ಹಾಕಿದೆ. ಇಲ್ಲಿ ಹಾಗೇ ಬಳ್ಕೊಂಡು ಬಿಸಿಲಿಗೆ ಕೂರಿ ಅಂತಿದಾರೆ! ಕಲೆ ಹೋಗೋದಿರ್ಲಿ, ಹೊಸಾ ಕಲೆ ಬರ್ತದೆ.

ಸಣ್ಣತ್ತೆ: ಹಚ್ಚಿದ ದಿನಾನೇ ಬರ್ತದಾ?

ನಾನು: ಇಲ್ಲ, ಅದೇ ತೊಂದರೆ. ಒಂದೆರಡು ದಿನಕ್ಕೆ ಉರಿ, ಗುಳ್ಳೆ. ಆಮೇಲೆ ಕಂದು ಕಲೆ, ತಿಂಗಳುಗಟ್ಟಲೆ ಇರಬಹುದು.

ಸಣ್ಣತ್ತೆ: ಎಣ್ಣೆನೇ ಆಗ್ಬೇಕಾ? ಹಣ್ಣು ಹಿಂಡಿದ್ರೂ ಬರ್ತದಾ? ಮಣಿಕಟ್ಟಿಂದ ಮೊಣಕೈತನಕ ಗೆರೆ ಗೆರೆ?

ಆ ಪ್ರಶ್ನೆಗೆ ನಾನು ತಕ್ಷಣ ಉತ್ತರ ಬರೆಯಲಿಲ್ಲ. ದೊಡ್ಡಪ್ಪನ ಮಗಳ ಮದುವೆ ದಾವಣಗೆರೆ ಮನೆಯಲ್ಲೇ ಆಗಿದ್ದು, ವೈಶಾಖದ ಬಿಸಿಲು. ನಾನು ಮೂರನೇ ಕ್ಲಾಸು. ಚಪ್ಪರದ ದಿನ ಅಂಗಳದಲ್ಲಿ ಕೂತು ಪಾನಕಕ್ಕೆ ಎರಡು ಚೀಲ ನಿಂಬೆಹಣ್ಣು ಹಿಂಡಿದ್ದು ಸಣ್ಣತ್ತೆ. ರಸ ಕೈಯುದ್ದಕ್ಕೂ ಇಳಿದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಹಿಂಡುತ್ತಿದ್ದರು. ಮದುವೆಯ ಬೆಳಿಗ್ಗೆ ಅದೇ ದಾರಿಯಲ್ಲಿ ಗುಳ್ಳೆ ಎದ್ದವು. ಸರ್ಪಸುತ್ತು ಅಂದರು, ಅಡುಗೆಮನೆ ಹೊಸಿಲು ದಾಟಬೇಡ ಅಂದರು. ಹಿತ್ತಲ ಕಟ್ಟೆಯ ಮೇಲೆ, ನೀರಿನ ಹಂಡೆ ಪಕ್ಕ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಒಬ್ಬರೇ ಊಟ ಮಾಡಿದರು. ಬಡಿಸಿದ್ದು ನಾನು.

ನಾನು: ಬರ್ತದೆ ಅತ್ತೆ. ಸಿಪ್ಪೆ ಎಣ್ಣೆ ರಸದ ಜೊತೆಗೇ ಇಳೀತದೆ. ರಸ ಹರಿದ ಗೆರೆಯಲ್ಲೇ ಕಲೆ ಬೀಳ್ತದೆ. ಅದು ಅಂಟುಜಾಡ್ಯ ಅಲ್ಲ. ಅವತ್ತೂ ಅಲ್ಲ.

ದೊಡ್ಡಮ್ಮ: ಅವಾಗ ಯಾರಿಗೆ ಗೊತ್ತಿತ್ತು ಇದೆಲ್ಲ. ಸರ್ಪಸುತ್ತು ಅಂತ ಮೊದ್ಲು ಅಂದಿದ್ದು ಬೀಗರ ಕಡೆಯೋರು.

ಸಣ್ಣತ್ತೆ: ಬೀಗರು ಬಂದಿದ್ದು ಹತ್ತು ಗಂಟೆಗೆ ಅತ್ತಿಗೆ. ನನ್ನ ಎಬ್ಬಿಸಿ ಕಳಿಸಿದ್ದು ಉಪ್ಪಿಟ್ಟಿಗೆ ರವೆ ಹುರಿಯೋ ಹೊತ್ತಿಗೆ.

ದೊಡ್ಡಪ್ಪ: ಹಳೇದು ಕೆದಕಬಾರದು. ಕ್ಷಮೆ ದೊಡ್ಡ ಗುಣ.

ಪ್ರದೀಪ: ಕ್ಷಮೆ ಕೇಳಿದ್ದು ಯಾರು ದೊಡ್ಡಪ್ಪ?

ದೊಡ್ಡಪ್ಪ: ನಿನ್ನ ಜೊತೆ ಮಾತಾಡ್ತಿಲ್ಲ. ಹೋದ ಸಲ ಆಸ್ತಿ ಭಾಗದ ಮಾತಿಗೂ ನೀನೇ ಬಾಯಿ ಹಾಕಿದ್ದು.

ಮಂಜಣ್ಣ: ಆ ಪಾನಕ ನಾಲ್ಕು ಲೋಟ ಕುಡಿದಿದ್ದೆ ಅತ್ತೆ. ನಿಮ್ಮ ಕೈ ವಿಷ್ಯ ನನಗೆ ಗೊತ್ತೇ ಇರ್ಲಿಲ್ಲ.

ಹತ್ತು ನಿಮಿಷ ಯಾರದೂ ಸದ್ದಿಲ್ಲ. ಸಣ್ಣತ್ತೆ ಫಾರ್ವರ್ಡ್ ಅಳಿಸಿದರು.

ಸಣ್ಣತ್ತೆ: ಪಲ್ಲವಿನ ಚರ್ಮದ ಡಾಕ್ಟ್ರ ಹತ್ರ ಕರ್ಕಂಡು ಹೋಗ್ತೀನಿ. ಈ ಬಾಟ್ಲಿ ಏನ್ ಮಾಡ್ಲಿ?

ನಾನು: ಸ್ಟೀಲ್ ಡಬ್ಬಿ ಮೇಲೆ ಸ್ಟಿಕ್ಕರ್ ಅಂಟು ಉಳಿದಿರ್ತದಲ್ಲ, ಬಟ್ಟೆಗೆ ಎರಡು ಹನಿ ಹಾಕಿ ಉಜ್ಜಿ, ಕರಗಿ ಬರ್ತದೆ. ಆಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ. ಮುಚ್ಚಳ ಬಿಗಿ ಮಾಡಿ ತಂಪಲ್ಲಿಡಿ. ಗಾಳಿ ಹೊಕ್ಕು ಹಳೇದಾದ್ರೆ ಕೈಗೆ ಕೆರೆತ ಬರಬಹುದು.

ಅರ್ಧ ಗಂಟೆಗೆ ಒಂದು ಫೋಟೋ ಬಂತು: ಹೊಳೆಯುವ ಬೇಳೆ ಡಬ್ಬಿ, ಅದರ ಮೇಲೆ ಅತ್ತೆಯ ಕೈ.

ದೊಡ್ಡಮ್ಮ: ಫೋನ್ ಮಾಡ್ಲಾ?

ಸಣ್ಣತ್ತೆ: ಅಡುಗೆ ಆದ್ಮೇಲೆ ಮಾಡ್ರಿ ಅತ್ತಿಗೆ.